ಓರ್ಜೆಲ್ಲಾ ಪೆಟ್‌ವೇಯ ಒದ್ದೆ ಮಂಗಳವಾರ

ಅಮೆರಿಕದ ದಕ್ಷಿಣ ಸೀಮೆಯ ಹಾರ್ಲನ್ಸ್ ಫೆರಿ ಎಂಬ ಊರಲ್ಲಿ ಓರ್ಜೆಲ್ಲಾ ಪೆಟ್‌ವೇಗೆ ಎರಡು ಕಾರಣಕ್ಕೆ ಹೆಸರಿತ್ತು. ಎಂಥ ಹಟಮಾರಿ ಕಲೆಯಾದರೂ ಅವಳ ಕೈಗೆ ಸಿಕ್ಕರೆ ಬಟ್ಟೆ ಬಿಟ್ಟು ಹೋಗುತ್ತಿತ್ತು. ಮತ್ತೆ, ಮೌಂಟ್ ನೀಬೋ ಚರ್ಚಿನ ಗಾಯನತಂಡದಲ್ಲಿ ಅವಳು ಹಾಡಲು ನಿಂತರೆ ಇಡೀ ತಂಡವೇ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಪಾಸ್ಟರ್ ಬ್ರಾಡ್‌ನ್ಯಾಕ್ಸ್ ಹನ್ನೆರಡು ವರ್ಷ ತಿದ್ದಿ ಸೋತಿದ್ದರು.

"ಸಿಸ್ಟರ್ ಪೆಟ್‌ವೇ, ದೇವರು ಮೊದಲನೇ ಎಣಿಕೆಗೇ ಬಂದ್ಬಿಟ್ಟಿರ್ತಾನೆ. ನೀವು ಆಮೇಲೆ ಬರ್ತೀರಿ."

"ಬಂದೋನು ಸ್ವಲ್ಪ ಕೂತ್ಕೊಳ್ಳಲಿ ಬಿಡಿ ಪಾಸ್ಟರ್. ನಾವೇನು ಎಲ್ಲಿಗೂ ಓಡಿಹೋಗ್ತಿಲ್ವಲ್ಲ."

ಹೀಗೆ ಹಿಂದೆ ಬೀಳುವ ಚಟ ಅವಳಿಗೆ ಅಂಟಿದ್ದು ಮೆಷಿನ್ನಿನಿಂದ. ಗಂಡ ಏಮಸ್ ತೀರಿಕೊಂಡ ವರ್ಷ ಅವಳು ಅಲಬಾಮಾ ಅವೆನ್ಯೂವಿನಲ್ಲಿ ಲಾಂಡ್ರಿ ತೆರೆದಳು. ಪಕ್ಕದ ಜಿಲ್ಲೆಯಲ್ಲಿ ಸೈನ್ಯದ ಶಿಬಿರ ಮುಚ್ಚಿದಾಗ ಹರಾಜಿನಲ್ಲಿ ಎಮ್ಮೆ ಗಾತ್ರದ ಒಂದು ಒಗೆಯುವ ಮೆಷಿನ್ನನ್ನು ಹಿಡಿದು ತಂದಳು. ಅದಕ್ಕೆ ನಾಲ್ಕು ಕಾಲು, ಪ್ರತಿ ಕಾಲನ್ನೂ ನೆಲಕ್ಕೆ ಬಿಗಿಯಲು ಒಂದೊಂದು ಬೋಲ್ಟು. ನಾಲ್ಕನೆಯ ಬೋಲ್ಟು ಶಿಬಿರದಲ್ಲೇ ಉಳಿದುಹೋಯಿತು. ಅವತ್ತಿನಿಂದ ಆ ಮೆಷಿನ್ನು ತಿರುಗುವಾಗ "ಧುಂ, ಧಕ್" ಎಂದು ಎರಡು ಹೆಜ್ಜೆ ಹಾಕಿ, ಮೂರನೆಯದನ್ನು ಇಡಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಆಮೇಲೆ "ಧುಂ" ಎನ್ನುತ್ತಿತ್ತು. ಓರ್ಜೆಲ್ಲಾ ಅದಕ್ಕೆ ಬೈಬಲ್ಲಿನ ದುಷ್ಟ ರಾಣಿಯ ಹೆಸರಿಟ್ಟು ಜೆಜಿಬೆಲ್ ಎಂದು ಕರೆಯುತ್ತಿದ್ದಳು. ಇಡೀ ದಿನ ಅದರ ಜೊತೆ ಹಾಡಿ ಹಾಡಿ ಅವಳ ಗಂಟಲಿಗೂ ಅದೇ ನಡಿಗೆ ಬಂದುಬಿಟ್ಟಿತ್ತು.

ಲಾಂಡ್ರಿಯ ಪಕ್ಕದಲ್ಲಿ ಹಾಲಿಸ್ ಯಾರ್‌ಬ್ರೋ ಎಂಬ ಬಿಳಿಯನ ಟೈರಿನ ಅಂಗಡಿ. ಟೈರು ಮಾರಲು ಬೇಸರವಾಗಿ ಅವನು ಅದನ್ನು ಹಾಡು ಮುದ್ರಿಸುವ ಸ್ಟುಡಿಯೋ ಮಾಡಿಕೊಂಡ. ಗೋಡೆಗೆ ಹಳೇ ರಜಾಯಿಗಳನ್ನು ಮೊಳೆ ಹೊಡೆದು ನೇತುಹಾಕಿದ. ಊರಲ್ಲಿ ಕರಿಯರೂ ಬಿಳಿಯರೂ ಒಂದೇ ಬಾಗಿಲಲ್ಲಿ ಹೊಕ್ಕು ಒಂದೇ ಪಾತ್ರೆಯ ಕಾಫಿಗೆ ಜಗಳವಾಡುತ್ತಿದ್ದ ಜಾಗ ಅದೊಂದೇ. ಆದರೆ ಎರಡು ಅಂಗಡಿಗಳ ನಡುವೆ ಇದ್ದದ್ದು ಒಂಟಿ ಇಟ್ಟಿಗೆಯ ಗೋಡೆ. ರಜಾಯಿ ಅದಕ್ಕೇನು ಮಾಡೀತು?

ಸಾವಿರದ ಒಂಬೈನೂರ ಎಪ್ಪತ್ತೊಂದರ ಮಾರ್ಚಿನಲ್ಲಿ ಜಾರ್ಜಿಯಾದಿಂದ ಐದು ಜನ ಉದ್ದಕೂದಲಿನವರ ಬ್ಯಾಂಡೊಂದು ಬಂದು ಅಲ್ಲಿ ಇಳಿಯಿತು. ಅವರಿಗೆ ದಕ್ಷಿಣದ ಬ್ಲೂಸ್ ಬೇಕು, ಮೈ ಕುಣಿಸುವ ಫಂಕ್ ಬೇಕು, ಎರಡೂ ಒಂದೇ ಆಲ್ಬಮ್ಮಿನಲ್ಲಿ ಬೇಕು. ಒಂಬತ್ತು ದಿನ ನುಡಿಸಿದರು. ಎಲ್ಲವೂ ಸರಿಯಾಗಿತ್ತು, ಒಂದರಲ್ಲೂ ಜೀವವಿರಲಿಲ್ಲ. ಡ್ರಮ್ಸ್ ಬಾರಿಸುವ ಲಾನಿ ಕ್ರ್ಯಾಬ್‌ಟ್ರೀ ಆರು ಅಡಿ ಮೂರು ಅಂಗುಲದ ಆಳು, ಪಾರಿವಾಳದಂಥ ಮಾತು. ಅವನ ತಾಳ ಗಡಿಯಾರದಷ್ಟು ನೇರ. ಗಡಿಯಾರ ನೋಡಿಕೊಂಡು ಯಾರು ಕುಣಿಯುತ್ತಾರೆ?

ಹತ್ತನೆಯ ದಿನ ಮಂಗಳವಾರ. ಮಂಗಳವಾರ ಕ್ಯಾಟ್‌ಫಿಶ್ ಮೀನಿನ ಕಾರ್ಖಾನೆಯ ನಲವತ್ತು ಓವರಾಲ್‌ಗಳು ಲಾಂಡ್ರಿಗೆ ಬರುವ ದಿನ. ಎದೆಯಿಂದ ಪಾದದವರೆಗೆ ಒಂದೇ ದಪ್ಪ ಬಟ್ಟೆ. ನೀರು ಕುಡಿದರೆ ಒಂದೊಂದೂ ಒಂದೊಂದು ಕರುವಿನ ಭಾರ. ಓರ್ಜೆಲ್ಲಾ ಅರ್ಧದಷ್ಟನ್ನು ತುಂಬಿ ಗುಂಡಿ ಒತ್ತಿದಳು. ಗೋಡೆಯಾಚೆ ಬೇಸ್ ಗಿಟಾರಿನವನು ಯಾಕೆಂದು ತಿಳಿಯದೆಯೇ ತಂತಿಯನ್ನು ಸ್ವಲ್ಪ ತಡವಾಗಿ ಮೀಟಿದ. ಲಾನಿಯ ಬಲಗಾಲು ತಾನಾಗಿಯೇ ಸೋಮಾರಿಯಾಯಿತು. ಏಳು ನಿಮಿಷದ ಹಾಡು ಒಂದೇ ಏಟಿಗೆ ಮುದ್ರಣವಾಯಿತು. ಐದೂ ಜನ ಅಪ್ಪಿಕೊಂಡು ಅತ್ತರು. ತಮಗೆ ವಿದ್ಯೆ ಒಲಿಯಿತು ಎಂದೇ ನಂಬಿದರು.

ಮಾರನೆಯ ದಿನ ವಿದ್ಯೆ ಎದ್ದುಹೋಗಿತ್ತು. ಬುಧವಾರ ಲಾಂಡ್ರಿಗೆ ಬರುವುದು ಹೋಟೆಲ್ಲಿನ ದಿಂಬಿನ ಚೀಲ.

ಶುಕ್ರವಾರದ ಹೊತ್ತಿಗೆ ಲಾನಿ ಮುದ್ರಿಸಿದ್ದನ್ನು ಐವತ್ತು ಸಲ ಕೇಳಿದ್ದ. ಅದರ ತಳದಲ್ಲಿ ಇನ್ಯಾರೋ ಉಸಿರಾಡುತ್ತಿದ್ದಾರೆ ಎಂದು ಅವನಿಗೆ ಗುಮಾನಿ. ರಜಾಯಿ ಎತ್ತಿ, ರೋಗಿಯ ಎದೆಗೆ ಕಿವಿಯಿಟ್ಟ ಡಾಕ್ಟರನಂತೆ ಗೋಡೆಗೆ ಕಿವಿಯಿಟ್ಟ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಲಾಂಡ್ರಿಗೆ ಬಂದ.

"ಮ್ಯಾಮ್, ಮಂಗಳವಾರ ಮಧ್ಯಾಹ್ನ ಇಲ್ಲಿ ಡ್ರಮ್ಸ್ ಬಾರಿಸ್ತಾ ಇದ್ದೋರು ಯಾರು?"

"ಡ್ರಮ್ಸಾ? ಮೀನಿನ ವಾಸನೆ ಒಗೀತಿದ್ದೆ ಮಗನೇ. ಯಾಕೆ, ನಿಂದೂ ಏನಾದ್ರೂ ಒಗೀಬೇಕಾ? ನೋಡಿದ್ರೆ ಹಾಗೇ ಕಾಣುತ್ತೆ."

ಲಾನಿ ಮೆಷಿನ್ನಿನ ಕಡೆ ಬೆರಳು ಮಾಡಿದ. ಓರ್ಜೆಲ್ಲಾ ಕೈಗೆ ಸಿಕ್ಕ ಬಟ್ಟೆ ತುಂಬಿ ಅದನ್ನು ತಿರುಗಿಸಿದಳು. ಲಾನಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಗಂಟೆ ಕೇಳಿದ. ಎದ್ದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಮಿಸ್ ಓರ್ಜೆಲ್ಲಾ, ನಮ್ಮ ಆಲ್ಬಮ್ಮಿಗೆ ನಿಮ್ಮ ಮೆಷಿನ್ನು ಬೇಕು."

"ಮೆಷಿನ್ನಿಗೆ ಏನು ಗೊತ್ತು? ತುಂಬೋದು ನಾನು. ನಿಧಾನದ ಹಾಡೋ, ಕುಣಿಯೋ ಹಾಡೋ? ಮೊದ್ಲು ಅದು ಹೇಳು."

ಅಲ್ಲಿಂದ ಕೆಲಸ ಸರಾಗವಾಯಿತು. ಕಣ್ಣೀರಿನ ಬ್ಲೂಸ್ ಇದ್ದರೆ ಅವಳು ದಿಂಬಿನ ಚೀಲಗಳ ಮಧ್ಯೆ ಒಂದೇ ಒಂದು ಕಂಬಳಿ ಹಾಕುವಳು. ಮೈ ಕುಣಿಸುವ ಹಾಡಿಗೆ ಹನ್ನೆರಡು ಓವರಾಲ್, ಒಂದು ಸ್ನಾನದ ಕೋಣೆಯ ಚಾಪೆ. ಹಾಲಿಸ್ ಇಟ್ಟಿಗೆಯೊಂದನ್ನು ಕಿತ್ತು ಆ ಸಂದಿಗೆ ಮೈಕು ತೂರಿಸಿದ. ಸಂದಿಯಿಂದ ಹಾಡುಗಾರ ಕೂಗುವನು: "ಮಿಸ್ ಓರ್ಜೆಲ್ಲಾ, ಸ್ವಲ್ಪ ದುಃಖ ಜಾಸ್ತಿ ಬೇಕು!" ಅವಳು ಎರಡು ಟವೆಲು ಸೇರಿಸುವಳು.

ತೊಂದರೆಯಾದದ್ದು ಕಾರ್ಖಾನೆಯವರಿಗೆ. ಒಂದು ಹಾಡಿಗೆ ಹದಿನಾಲ್ಕು ಸಲ ಮುದ್ರಣ ಎಂದರೆ ಅದೇ ಓವರಾಲ್‌ಗೆ ಹದಿನಾಲ್ಕು ಸಲ ಒಗೆತ. ನೀಲಿ ಬಣ್ಣ ಬೂದಿಗೆ ತಿರುಗಿತು, ಬಟ್ಟೆ ಕುಗ್ಗಿ ಅಂಚು ಮೊಳಕಾಲಿಗೆ ಏರಿತು. ಅಷ್ಟು ವರ್ಷ ಸಂಜೆ ಮನೆಯವರೆಗೆ ಹಿಂಬಾಲಿಸುತ್ತಿದ್ದ ಬೆಕ್ಕುಗಳು ಈಗ ಮೀನಿನ ವಾಸನೆಯಿಲ್ಲದ ಆಳುಗಳನ್ನು ಗುರುತೇ ಹಿಡಿಯಲಿಲ್ಲ. ಕಾರ್ಖಾನೆಯ ಮೇಸ್ತ್ರಿ ಬಂದು ಗದರಿದ: "ನಮ್ಮ ಆಳುಗಳು ಮೀನಿನ ಕೆಲಸ ಮಾಡ್ತಾರೋ ಬ್ಯಾಂಕಿನ ಕೆಲಸ ಮಾಡ್ತಾರೋ ಅಂತ ಹೆಂಡ್ತೀರು ಕೇಳೋ ಹಾಗಾಗಿದೆ!"

"ನಾನು ಕೊಳೆ ತೆಗೀತೀನಿ ಅಂದಿದ್ದೆ. ಯಾವಾಗ ನಿಲ್ಲಿಸ್ತೀನಿ ಅಂದಿದ್ನಾ?" ಎಂದಳು ಓರ್ಜೆಲ್ಲಾ.

ಆರು ಹಾಡು ಮುಗಿದವು. ಇನ್ನೆರಡು ಉಳಿದಿದ್ದಾಗ ಅವಳ ಮೈದುನ ಕ್ಲಿಯೋಫಸ್ ಗೇನ್ಸ್ ಡೆಟ್ರಾಯಿಟ್‌ನ ತಂಗಿಯ ಮನೆಯಿಂದ ವಾಪಸು ಬಂದ. ಕ್ಲಿಯೋಫಸ್ ರಿಪೇರಿಯವನು, ಪಾಸ್ಟರಿಗೆ ನೆರವಾಗುವ ಚರ್ಚಿನ ಹಿರಿಯ, ಅಂದರೆ ಡೀಕನ್ ಬೇರೆ. ಜೆಜಿಬೆಲ್ ಕುಂಟುವುದು ಅವನಿಗೆ ಹದಿಮೂರು ವರ್ಷದ ಹಲ್ಲುನೋವು. ಅದಕ್ಕೆ ಸರಿಹೋಗುವ ಬೋಲ್ಟು ಎಲ್ಲೂ ಸಿಕ್ಕಿರಲಿಲ್ಲ, ಡೆಟ್ರಾಯಿಟ್‌ನಲ್ಲಿ ಸಿಕ್ಕಿತು. ಅತ್ತಿಗೆಯ ಹುಟ್ಟುಹಬ್ಬದ ದಿನ ಅವಳು ಚರ್ಚಿಗೆ ಹೋಗಿದ್ದಾಗ ಬಂದು, ಬೋಲ್ಟು ಬಿಗಿದು, ಮೆಷಿನ್ನಿಗೊಂದು ಕೆಂಪು ರಿಬ್ಬನ್ ಕಟ್ಟಿ ಕಾದು ಕೂತ.

ಓರ್ಜೆಲ್ಲಾ ಗುಂಡಿ ಒತ್ತಿದಳು. ಜೆಜಿಬೆಲ್ ಒಂದಿಷ್ಟೂ ಕುಂಟದೆ ಸನ್ಯಾಸಿನಿಯಂತೆ ತಿರುಗಿತು. ಗೋಡೆಯಾಚೆಯಿಂದ ಯಾರೋ "ಅಯ್ಯೋ" ಎಂದದ್ದು ಸಂದಿಯಿಂದ ಕೇಳಿಸಿತು.

"ಹೇಗಿದೆ ಜೆಲ್ಲಾ?" ಕ್ಲಿಯೋಫಸ್ ಮುಖ ಅರಳಿತ್ತು.

"ಚೆನ್ನಾಗಿದೆ ಕ್ಲಿಯೋಫಸ್. ತೆಗೆದುಬಿಡು."

"ತೆಗೀಬೇಕಾ? ನಲವತ್ತು ವರ್ಷದ ಕಸುಬಲ್ಲಿ ಸರಿಯಿದ್ದದ್ದನ್ನ ಒಂದು ಸಲಾನೂ ಕೆಡಿಸಿಲ್ಲ ನಾನು. ಡೀಕನ್ ಆದೋನು ಅಂಥ ಕೆಲಸ ಮಾಡ್ತಾನಾ? ಅದು ಸೈತಾನನ ಇಲಾಖೆ."

ಅವನನ್ನು ಕೇಳದೆ ಬೋಲ್ಟು ಬಿಚ್ಚಲು ಲಾನಿ ಮತ್ತು ಹಾಲಿಸ್ ಇಬ್ಬರೂ ಹೆಣಗಿದರು. ಕ್ಲಿಯೋಫಸ್ ಬಿಗಿದ ಬೋಲ್ಟನ್ನು ಕ್ಲಿಯೋಫಸನೇ ಬಿಚ್ಚಬೇಕು ಎಂದು ಊರಲ್ಲಿ ಸುಮ್ಮನೆ ಹೇಳುತ್ತಿರಲಿಲ್ಲ. ಹಾಲಿಸನ ಸ್ಪ್ಯಾನರು ಮುರಿಯಿತು. ನಾಲ್ಕು ದಿನ ಕೆಲಸ ನಿಂತಿತು. ಹಾಡುಗಾರ ಊಟ ಬಿಟ್ಟ. ಓರ್ಜೆಲ್ಲಾ ಅವನಿಗೆ ಜೋಳದ ಬ್ರೆಡ್ಡು, ಮಜ್ಜಿಗೆ ಕಳಿಸಿ, ಯೋಚನೆ ಮಾಡುತ್ತ ಕೂತಳು. ಮೈದುನನ ಮರ್ಯಾದೆಯೂ ಉಳಿಯಬೇಕು, ಹುಡುಗರ ಹಾಡೂ ಉಳಿಯಬೇಕು. ಐದನೆಯ ದಿನ ಕ್ಲಿಯೋಫಸನ ತೋಳು ಹಿಡಿದು ಸ್ಟುಡಿಯೋಗೆ ಕರೆದುಕೊಂಡು ಹೋದಳು.

"ಇಲ್ಲೊಂದು ಕೆಟ್ಟಿದೆ, ನೋಡು."

"ಏನು ಕೆಟ್ಟಿದೆ?"

"ಲಾನಿ, ಬಾರಿಸು."

ಲಾನಿ ಬಾರಿಸಿದ. ಕ್ಲಿಯೋಫಸ್ ತಲೆ ಓರೆ ಮಾಡಿ ಕೇಳಿದ. ನೀರೆತ್ತದ ಪಂಪಿನ ಮುಂದೆ ಅವನ ಮುಖ ಹೇಗಾಗುತ್ತಿತ್ತೋ ಹಾಗೇ ಆಯಿತು.

"ಅಯ್ಯಯ್ಯೋ! ಇದರಲ್ಲಿ ಏನೂ ಆಡ್ತಾನೇ ಇಲ್ಲ. ಎಲ್ಲಾ ಕಚ್ಕೊಂಡು ಕೂತಿದೆ. ಎಷ್ಟು ದಿನದಿಂದ ಹೀಗೆ?"

"ಹುಟ್ಟಿದಾಗಿಂದ ಸರ್," ಎಂದ ಲಾನಿ ತಲೆ ತಗ್ಗಿಸಿ.

"ರಿಪೇರಿ ಮಾಡ್ತೀಯಾ ಕ್ಲಿಯೋಫಸ್?" ಓರ್ಜೆಲ್ಲಾ ಕೇಳಿದಳು. "ಮೆಷಿನ್ನಲ್ಲ. ಇದನ್ನ."

ಹೀಗೆ ಕೇಳಿದರೆ ಯಾವ ಕಸುಬುದಾರ ಒಲ್ಲೆ ಎನ್ನುತ್ತಾನೆ? ಕ್ಲಿಯೋಫಸ್ ತೋಳು ಮಡಚಿ, ತನ್ನ ದೊಡ್ಡ ಸ್ಪ್ಯಾನರು ತಂದು, ಜೆಜಿಬೆಲ್‌ನ ಕಾಲ ಬಳಿ ಅಂಗಾತ ಮಲಗಿದ. ಕಾಲು ಸುತ್ತು ಬಿಚ್ಚುವುದು, ಸಂದಿಯಿಂದ ಬರುವ ಡ್ರಮ್ಸ್ ಕೇಳುವುದು, ಇನ್ನು ಅರೆಕಾಲು ಸುತ್ತು ಬಿಚ್ಚುವುದು. "ಈಗ?" ಎಂದು ಕೂಗುವನು. "ಇನ್ನೂ ಸ್ವಲ್ಪ ಜಿಗುಟು!" ಎಂದು ಆಚೆಯಿಂದ ಉತ್ತರ. ಮೂರು ಗಂಟೆಯ ಮೇಲೆ ಅವನು ಕೈ ಒರೆಸಿಕೊಂಡು ಎದ್ದು, "ಈಗ ಓಡುತ್ತೆ. ಆರು ತಿಂಗಳಿಗೊಂದ್ಸಲ ಎಣ್ಣೆ ಬಿಡಿ," ಎಂದ. ಯಾವುದಕ್ಕೆ ಎಣ್ಣೆ ಬಿಡಬೇಕೆಂದು ಯಾರೂ ಕೇಳಲಿಲ್ಲ. ಉಳಿದೆರಡು ಹಾಡು ಮೊದಲಿನ ಆರನ್ನೂ ಮೀರಿಸಿದವು.

ಸುದ್ದಿ ಬರ್ಮಿಂಗ್‌ಹ್ಯಾಮಿಗೆ ತಲುಪಿ, ವಾದ್ಯಗಾರರ ಯೂನಿಯನ್ನಿನಿಂದ ಪ್ರೆಂಟಿಸ್ ಎಂಬ ಸಣಕಲು ಸಾಹೇಬರು ಬಂದರು. ಕೈಯಲ್ಲಿ ನಿಯಮದ ಪುಸ್ತಕ, ಅಂಗಿಯ ಮೇಲೆ ದಾರಿಯಲ್ಲಿ ತಿಂದ ಹಂದಿಮಾಂಸದ ಬನ್ನಿನ ಸಾಸಿವೆ.

"ರೆಕಾರ್ಡಿನಲ್ಲಿ ನುಡಿಸೋ ಪ್ರತಿಯೊಬ್ಬರೂ ಸದಸ್ಯರಾಗಿರಬೇಕು. ಇಲ್ಲಿ ಒಂದು ಯಂತ್ರ ನುಡಿಸಿದೆ ಅಂತ ದೂರು ಬಂದಿದೆ. ಯಂತ್ರವನ್ನ ಸೇರಿಸ್ಕೊಳ್ಳೋಕೆ ನಮ್ಮಲ್ಲಿ ಅವಕಾಶ ಇಲ್ಲ."

"ಅದನ್ನ ನಾನೂ ಎಲ್ಲಿಗೂ ಸೇರಿಸಲ್ಲ ಸರ್. ಚರ್ಚಿಗೇ ಸೇರಿಸಿಲ್ಲ," ಎಂದಳು ಓರ್ಜೆಲ್ಲಾ. "ನುಡಿಸೋದು ನಾನು."

"ಸರಿ. ವಾದ್ಯ?"

"ಒಗೆಯೋ ಮೆಷಿನ್ನು."

ಪ್ರೆಂಟಿಸ್ ಪುಸ್ತಕ ತಿರುವಿದರು. ವೀಣೆಯಂಥ ಹಾರ್ಪ್ ಇತ್ತು, ಹಾರ್ಮೋನಿಕಾ ಇತ್ತು, ಕೈಗಂಟೆ ಕೂಡ ಇತ್ತು. ಇದಿರಲಿಲ್ಲ. "ಪರೀಕ್ಷೆ ಮಾಡ್ಬೇಕಾಗುತ್ತೆ," ಎಂದರು.

"ಮಾಡಿ. ಅಂಗಿ ಬಿಚ್ಚಿ ಕೊಡಿ."

"ಏನಂದ್ರಿ?"

"ಖಾಲಿ ಮೆಷಿನ್ನು ಯಾರಾದ್ರೂ ನುಡಿಸ್ತಾರಾ ಸರ್? ಸಾಸಿವೆ ಕಲೆ ಒಣಗಿಬಿಟ್ರೆ ಆಮೇಲೆ ದೇವರೇ ಬಂದ್ರೂ ಹೋಗಲ್ಲ."

ಪ್ರೆಂಟಿಸ್ ಬನಿಯನ್ನಿನಲ್ಲಿ, ಟೈ ಮಾತ್ರ ಬಿಚ್ಚದೆ, ಬೆಂಚಿನ ಮೇಲೆ ಕೂತು ಮೂವತ್ತೈದು ನಿಮಿಷ ಪರೀಕ್ಷೆ ಮಾಡಿದರು. ಮೊದಲ ಹತ್ತು ನಿಮಿಷ ಬರೆದುಕೊಂಡರು. ಆಮೇಲೆ ಪೆನ್ಸಿಲ್ಲಿನಿಂದ ಬೆಂಚನ್ನು ಕುಟ್ಟತೊಡಗಿದರು. ಕೊನೆಗೆ ಬಂದ ಅಂಗಿ ಅವರ ಮದುವೆಯ ದಿನದಲ್ಲೂ ಅಷ್ಟು ಬೆಳ್ಳಗಿರಲಿಲ್ಲವಂತೆ. ಸದಸ್ಯತ್ವದ ಕಾರ್ಡಿನಲ್ಲಿ "ತಾಳವಾದ್ಯ, ಇತರೆ" ಎಂದು ಬರೆದು, ಸಹಿ ಹಾಕಿ, ಇಸ್ತ್ರಿ ಮುರಿಯದ ಅಂಗಿ ತೊಟ್ಟು ಹೋದರು.

ಜೂನ್‌ನಲ್ಲಿ ಆಲ್ಬಮ್ಮು ಹೊರಬಂತು. ಹೆಸರು 'ಒದ್ದೆ ಮಂಗಳವಾರ'. ಹೊದಿಕೆಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ "ಓರ್ಜೆಲ್ಲಾ ಪೆಟ್‌ವೇ: ತಾಳವಾದ್ಯ, ಇತರೆ" ಎಂದಿತ್ತು, ಅದರ ಕೆಳಗೆ "ಕ್ಲಿಯೋಫಸ್ ಗೇನ್ಸ್: ರಿಪೇರಿ". ದೇಶದ ಉದ್ದಗಲಕ್ಕೂ ಅದು ಹುಚ್ಚು ಹಿಡಿಸಿತು. ಲಾನಿಯ ಕಾಲಿನಲ್ಲಿ ಮಿಸಿಸಿಪ್ಪಿಯ ಕೆಸರಿದೆ, ಶತಮಾನಗಳ ನೋವಿದೆ ಎಂದು ಪತ್ರಿಕೆಯವರು ಬರೆದರು. ಓರ್ಜೆಲ್ಲಾ ಅದನ್ನು ಓದಿಸಿ ಕೇಳಿ, "ಚಾಪೆ ಇತ್ತು. ಸ್ನಾನದ ಕೋಣೆ ಚಾಪೆ," ಎಂದಳು.

ಸೆಪ್ಟೆಂಬರಿನಲ್ಲಿ ಮೆಂಫಿಸ್ ಜಾತ್ರೆ ಮೈದಾನದ ಸಭಾಂಗಣದಲ್ಲಿ ಮಧ್ಯಾಹ್ನದ ಸಂಗೀತ ಕಚೇರಿ ಗೊತ್ತಾಯಿತು. ಜೆಜಿಬೆಲ್ ಬಾರದೆ ತಾನು ನುಡಿಸಲಾರೆ ಎಂದ ಲಾನಿ. ಲಾರಿ ಬಂತು. ಮೆಷಿನ್ನಿಗೆ ಕೊಳೆ ಓವರಾಲ್ ಬೇಕು, ಬೆಳಗಿನ ಪಾಳಿ ಮುಗಿಸಿದ ಹನ್ನೆರಡು ಮಂದಿ ಮೀನಿನವರು ಉಟ್ಟಬಟ್ಟೆಯಲ್ಲೇ ಲಾರಿ ಹತ್ತಿದರು. ಸಭಾಂಗಣದಲ್ಲಿ ಅದನ್ನು ಬಿಚ್ಚಿಕೊಟ್ಟ ಮೇಲೆ ತೊಡಲು ಬೇರೇನೂ ಇಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಎಲ್ಲರಿಗೂ ಹೊಳೆಯಿತು. ಪುಣ್ಯಕ್ಕೆ ಓರ್ಜೆಲ್ಲಾ ಚರ್ಚಿಗೆ ತಲುಪಿಸಬೇಕಿದ್ದ ಗಾಯನತಂಡದ ನೇರಳೆ ನಿಲುವಂಗಿಗಳ ಗಂಟು ಲಾರಿಯಲ್ಲೇ ಇತ್ತು. ಹನ್ನೆರಡೂ ಜನ ಅದನ್ನು ತೊಟ್ಟು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ವೇದಿಕೆಯ ಪಕ್ಕದಲ್ಲಿ ಸಾಲಾಗಿ ನಿಂತರು. ಎಂಟು ಸಾವಿರ ಜನ ಅವರನ್ನು ನೋಡಿ ಗಾಯನತಂಡವೆಂದು ಚಪ್ಪಾಳೆ ತಟ್ಟಿದರು. ಇನ್ನೇನು ಮಾಡುವುದು, ಹಾಡತೊಡಗಿದರು. ಅವರಲ್ಲಿ ಇಬ್ಬರಿಗೆ ನಿಜವಾಗಿಯೂ ಬರುತ್ತಿತ್ತು.

ಬೋಲ್ಟು ಬಿಗಿಯಲೆಂದು ವೇದಿಕೆಗೆ ತೂತು ಕೊರೆಯಲು ಸಭಾಂಗಣದವರು ಬಿಟ್ಟಿರಲಿಲ್ಲ. ಕ್ಲಿಯೋಫಸ್ ಮೆಷಿನ್ನಿನ ಕಾಲಿಗೆ ಮರಳಿನ ಚೀಲ ಒತ್ತರಿಸಿ, "ಇದು ಡೀಕನ್ನಿನ ಕೆಲಸವಲ್ಲ, ದೇವರ ಇಚ್ಛೆ," ಎಂದು ದೂರ ಸರಿದಿದ್ದ. ಮೂರನೆಯ ಹಾಡಿನಲ್ಲಿ ಜೆಜಿಬೆಲ್ ನೀರು ಹಿಂಡಲು ಶುರು ಮಾಡಿತು. ಮೊದಲು ಒಂದು ಕಾಲು ಎತ್ತಿತು. ಆಮೇಲೆ ಇನ್ನೊಂದು. ಧುಂ, ಧಕ್, ಸ್ವಲ್ಪ ಯೋಚನೆ, ಧುಂ ಎನ್ನುತ್ತ ಚೀಲಗಳನ್ನು ದಾಟಿ ಹಾಡುಗಾರನ ಕಡೆಗೆ ನಡೆದು ಹೊರಟಿತು.

ಹಾಡುಗಾರ ಹಿಂದೆ ಹಿಂದೆ ಹೋದ. ಹಾಡು ಬಿಡಲಿಲ್ಲ. ಬೇಸ್ ಗಿಟಾರಿನವನು ಸ್ಪೀಕರಿನ ಮೇಲೆ ಹತ್ತಿದ. ಓರ್ಜೆಲ್ಲಾ ತನ್ನ ಭಾನುವಾರದ ಟೋಪಿ ಸರಿಮಾಡಿಕೊಂಡು ವೇದಿಕೆಗೆ ಬಂದಳು. ಹಗ್ಗ ಕಿತ್ತುಕೊಂಡ ಹಸುವಿನ ಬೆನ್ನು ನೇವರಿಸುವಂತೆ ಮೆಷಿನ್ನಿನ ನೆತ್ತಿಯ ಮೇಲೆ ಕೈಯಿಟ್ಟು, "ಮೆಲ್ಲಗೆ ಹುಡುಗಿ, ಮೆಲ್ಲಗೆ," ಎನ್ನುತ್ತ ಜೊತೆಗೇ ಹೆಜ್ಜೆ ಹಾಕಿದಳು. ಹೆಜ್ಜೆ ಹಾಕುತ್ತ ಹಾಕುತ್ತ, ಅಭ್ಯಾಸಬಲದಿಂದ, ಹಾಡಿದಳು. ತಗ್ಗಿನ ದನಿ, ತಾಳದಿಂದ ಒಂದು ಕೂದಲೆಳೆ ಹಿಂದೆ. ನೇರಳೆ ನಿಲುವಂಗಿಯ ಮೀನಿನವರೂ ಅವಳಂತೆಯೇ ತಾಳದಿಂದ ಹಿಂದೆ ಬಿದ್ದರು. ಹತ್ತು ಅಡಿ ನಡೆದು, ವಯರು ಬಿಗಿದು, ಪ್ಲಗ್ಗು ಕಿತ್ತುಬಂದು ಜೆಜಿಬೆಲ್ ನಿಂತಿತು. ಅದರ ಜೊತೆಗೆ ಎಲ್ಲರೂ ನಿಂತರು.

ಚಪ್ಪಾಳೆ ಸೂರು ಹಾರಿಸುವಂತಿತ್ತು. ಆದರೆ ಓರ್ಜೆಲ್ಲಾಗೆ ಅದರ ಗೊಡವೆಯಿರಲಿಲ್ಲ. ಮೆಷಿನ್ನಿನ ಬಾಗಿಲು ತೆಗೆದು, ಅರ್ಧ ಹಿಂಡಿದ ಓವರಾಲ್‌ಗಳನ್ನು ಹೊರಗೆಳೆದು ಮೈಕಿನ ಕಂಬಗಳ ಮೇಲೆ, ಸ್ಪೀಕರುಗಳ ಮೇಲೆ, ಡ್ರಮ್ಸಿನ ತಟ್ಟೆಗಳ ಮೇಲೆ ಹರವಿದಳು. ಹಾಡುಗಾರ ಕಿವಿಯಲ್ಲಿ, "ಮಿಸ್ ಓರ್ಜೆಲ್ಲಾ, ಇನ್ನೂ ಐದು ಹಾಡಿದೆ," ಎಂದ.

"ಇರ್ಲಿ. ಈ ಗಂಡಸ್ರು ಊರಿಗೆ ನಿಲುವಂಗೀಲಿ ಹೋಗ್ತಾರಾ? ಒಣಗೋವರೆಗೂ ನಿಲ್ಲಿ."

ಎಂಟು ಸಾವಿರ ಜನ ಒಂದೂವರೆ ಗಂಟೆ ಬಟ್ಟೆ ಒಣಗುವುದನ್ನು ನೋಡುತ್ತ ಕೂತರು. ಯಾರೂ ಎದ್ದುಹೋಗಲಿಲ್ಲ. ಅದೂ ಕಚೇರಿಯ ಭಾಗ ಎಂದುಕೊಂಡವರೇ ಹೆಚ್ಚು; ದೊಡ್ಡ ಫ್ಯಾನನ್ನು ಇತ್ತ ತಿರುಗಿಸಿ ಎಂದು ಮುಂದಿನ ಸಾಲಿನವರು ಸಲಹೆಯನ್ನೂ ಕೊಟ್ಟರು.

ಇಂಗ್ಲೆಂಡಿನಿಂದ ಕರೆ ಬಂದಾಗ ಓರ್ಜೆಲ್ಲಾ ಒಲ್ಲೆ ಎಂದಳು. ಅಲ್ಲಿನ ವಿದ್ಯುತ್ತಿನ ಬಡಿತ ಇಲ್ಲಿನದಕ್ಕಿಂತ ನಿಧಾನ, ಅರವತ್ತರ ಬದಲು ಐವತ್ತು, ಮೆಷಿನ್ನು ಎಳೆದುಕೊಂಡು ತಿರುಗುತ್ತದೆ ಎಂದು ಕ್ಲಿಯೋಫಸ್ ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದ. "ಅವರ ಕರೆಂಟೇ ನಮಗಿಂತ ಹಿಂದೆ ಬೀಳುತ್ತಾ? ಹಾಗಾದ್ರೆ ನನ್ನ ಅಗತ್ಯ ಏನು ಅಲ್ಲಿ?" ಎಂದಳು ಅವಳು. ಬ್ಯಾಂಡಿನವರು ಹೋಗಿ, ಅಲ್ಲಿಯ ಒಂದು ಮೆಷಿನ್ನನ್ನು ಬಾಡಿಗೆಗೆ ಹಿಡಿದರು. ಅದು ಬಟ್ಟೆಯನ್ನು ಚೆನ್ನಾಗಿ ಒಗೆಯಿತು, ಅಷ್ಟೇ. ಎರಡನೆಯ ಆಲ್ಬಮ್ಮನ್ನು ಯಾರೂ ಕೊಳ್ಳಲಿಲ್ಲ. ಐದು ಜನ ಐದು ದಿಕ್ಕಾದರು.

ಎಪ್ಪತ್ನಾಲ್ಕರ ಮೇ ತಿಂಗಳಲ್ಲಿ ಲಾನಿ ಒಂದು ಚೀಲ ಕೊಳೆ ಬಟ್ಟೆ ಹೊತ್ತು ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು. ಓರ್ಜೆಲ್ಲಾ ಚೀಲ ಇಸಿದುಕೊಂಡು ಬಟ್ಟೆಯನ್ನು ಮೆಷಿನ್ನಿಗೆ ತುಂಬಿದಳು. ಬಟ್ಟೆ ಒಗೆದದ್ದಾಯಿತು, ಒಣಗಿದ್ದೂ ಆಯಿತು, ಅವನು ಬೆಂಚಿನಿಂದ ಏಳಲಿಲ್ಲ.

"ಹೋಗೋಕೆ ಜಾಗ ಇಲ್ವಾ ಮಗನೇ?"

"ಜಾಗ ಇದೆ ಮ್ಯಾಮ್. ಹೋಗಿ ಏನು ಮಾಡ್ಲಿ ಅಂತ ಗೊತ್ತಾಗ್ತಿಲ್ಲ."

ಅವತ್ತು ಗುರುವಾರ, ಹೋಟೆಲ್ಲಿನ ಹಾಸಿಗೆ ಬಟ್ಟೆಯ ದಿನ. ದೊಡ್ಡ ಹಾಸನ್ನು ಒಬ್ಬರೇ ಮಡಚಲಾಗದು. ಏಮಸ್ ಸತ್ತ ಮೇಲೆ ಅವಳು ಅದರ ಒಂದು ತುದಿಯನ್ನು ಬಾಗಿಲ ಮೊಳೆಗೆ ಸಿಕ್ಕಿಸಿ ಮಡಚುತ್ತಿದ್ದಳು. ಅವಳು ಹಾಸನ್ನು ಕೊಡವಿ, ಎರಡು ಮೂಲೆಗಳನ್ನು ಅವನ ಕಡೆ ಎಸೆದಳು.

"ಹಿಡ್ಕೋ. ಎಳೀಬೇಡ, ಹರಿಯುತ್ತೆ. ನಾನು ಬರೋವರೆಗೂ ಅಲ್ಲೇ ನಿಂತಿರು."

ಅವಳು ತನ್ನ ಮೂಲೆಗಳನ್ನು ಹಿಡಿದು ಅವನತ್ತ ನಡೆದು ಬಂದಳು. ಅವನ ಬೆರಳಿನಿಂದ ಅಂಚು ಇಸಿದುಕೊಂಡು, ಬಗ್ಗಿ, ನೇತಾಡುತ್ತಿದ್ದ ಮಡಿಕೆ ಎತ್ತಿಕೊಂಡು ಮತ್ತೆ ಹಿಂದೆ ಸರಿದಳು. ಇನ್ನೂ ಮೂವತ್ತೆಂಟು ಹಾಸುಗಳಿದ್ದವು.